ಜಮಾ-ಖರ್ಚು: ಗದ್ದೆಯಲ್ಲಿ ಬೆಳೆಯುವ ಪೆಟ್ರೋಲು

“ನಮ್ಮ ಸ್ಕೂಟರಿಗೆ ಹಾಕಿಸುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಸಾರಾಯಿಯಂತೆ, ನಿಜವೇನಪ್ಪಾ?” ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ನಿಜವೆಂದೆ. “ಹಾಗಾದರೆ ಅಗ್ಗವಾಗಬೇಕಾಗಿತ್ತಲ್ಲ?” ಎಂಬುದು ಅವರ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು; ಎರಡನೆಯದಕ್ಕೆ ಈ ಅಂಕಣದ ಪುಟಗಳೆಲ್ಲ ಬೇಕಾಗುತ್ತವೆ. ಅಷ್ಟೇ ಅಲ್ಲ, ಉತ್ತರವನ್ನು ಹುಡುಕಿಕೊಂಡು ಸಮುದ್ರ ದಾಟಿ ಬ್ರಾಜಿಲ್ ದೇಶದವರೆಗೆ ಹೋಗಿಬರಬೇಕಾಗುತ್ತದೆ. ಕಲ್ಲೆಣ್ಣೆಯನ್ನು ಬಿಟ್ಟು ಬೇರೊಂದು ಇಂಧನಕ್ಕೆ ಒಂದು ದೇಶಕ್ಕೆ ದೇಶವೇ ಹೊರಳಿಕೊಂಡರೆ ಸಾಮಾನ್ಯ ಸಂಸಾರಿಯ ಕಿಸೆಗೆ ಏನಾಗುತ್ತದೆ ಎಂಬ ಪ್ರಯೋಗವನ್ನು ಐವತ್ತು ವರ್ಷ ನಡೆಸಿ, ಲಾಭವನ್ನೂ ನಷ್ಟವನ್ನೂ ಉಂಡು, ಲೆಕ್ಕವನ್ನು ಜಗತ್ತಿನ ಮುಂದೆ ತೆರೆದಿಟ್ಟಿರುವ ದೇಶ ಅದು.

1973ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಯಿತು. ಬ್ಯಾರೆಲಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ ಮುಂದಿನ ಜನವರಿಯ ಹೊತ್ತಿಗೆ ಹೆಚ್ಚುಕಡಿಮೆ 12 ಡಾಲರಾಗಿ ಕುಳಿತಿತು. ಒಂದು ಬ್ಯಾರೆಲೆಂದರೆ 159 ಲೀಟರು. ಮೂರು ತಿಂಗಳಲ್ಲಿ ನಾಲ್ಕು ಪಟ್ಟು! ಬ್ರಾಜಿಲ್ ಆಗ ತನಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ 80ರಷ್ಟನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ದೇಶ. ಸಾಲದುದಕ್ಕೆ ಅದರ ಇನ್ನೊಂದು ಕೈಗೂ ಪೆಟ್ಟು ಬಿದ್ದಿತು. 1974ರ ನವೆಂಬರಿನಲ್ಲಿ ಪೌಂಡಿಗೆ 60 ಸೆಂಟನ್ನು ದಾಟಿದ್ದ ಸಕ್ಕರೆಯ ಬೆಲೆ ಎರಡು ಮೂರು ವರ್ಷಗಳಲ್ಲಿ 10 ಸೆಂಟಿಗೂ ಕೆಳಗೆ ಇಳಿಯಿತು. ಕೊಳ್ಳುವ ಸರಕು ಆಕಾಶಕ್ಕೆ, ಮಾರುವ ಸರಕು ಪಾತಾಳಕ್ಕೆ. ಇಂಥ ಪ್ರಸಂಗದಲ್ಲಿ ಸಂಸಾರಸ್ಥನಾದವನು ಏನು ಮಾಡುತ್ತಾನೆ? ಹಿತ್ತಿಲಲ್ಲಿ ಮಾರಾಟವಾಗದೆ ಬಿದ್ದಿರುವುದರಿಂದಲೇ ಒಲೆ ಹೊತ್ತಿಸಲು ಬರುತ್ತದೆಯೇ ಎಂದು ನೋಡುತ್ತಾನೆ. ಬ್ರಾಜಿಲಿನ ಸೈನಿಕ ಸರಕಾರವೂ ಅದನ್ನೇ ಮಾಡಿತು. ಅಧ್ಯಕ್ಷ ಎರ್ನೆಸ್ಟೋ ಗೈಸೆಲ್ 1975ರ ನವೆಂಬರ್ 14ರಂದು ಹೊರಡಿಸಿದ ಆಜ್ಞೆಯಿಂದ ‘ಪ್ರೋ-ಆಲ್ಕೋಲ್’ ಎಂಬ ಯೋಜನೆ ಹುಟ್ಟಿತು. ಕಬ್ಬಿನಿಂದ ಮದ್ಯಸಾರವನ್ನು, ಇಂದಿನ ಮಾತಿನಲ್ಲಿ ಎಥನಾಲನ್ನು ತೆಗೆಯುವುದು, ಅದನ್ನು ಪೆಟ್ರೋಲಿನಲ್ಲಿ ಬೆರೆಸುವುದು, ಸಾಧ್ಯವಾದರೆ ಪೆಟ್ರೋಲಿನ ಹಂಗೇ ಇಲ್ಲದೆ ಅದರಿಂದಲೇ ಕಾರು ಓಡಿಸುವುದು.

ಯೋಚನೆ ಹೊಸದೇನೂ ಅಲ್ಲ. ಹೊರಗಿನಿಂದ ಬರುವ ಪೆಟ್ರೋಲಿಗೆ ನೂರಕ್ಕೆ 5 ಪಾಲು ಮದ್ಯಸಾರ ಸೇರಿಸಬೇಕೆಂದು ಅದೇ ಬ್ರಾಜಿಲಿನಲ್ಲಿ 1931ರಲ್ಲೇ ವಿಧಿಸಲಾಗಿತ್ತು. ನಮ್ಮಲ್ಲಿಯೂ 1948ರಲ್ಲಿ ‘ಇಂಡಿಯನ್ ಪವರ್ ಆಲ್ಕೋಹಾಲ್ ಆಕ್ಟ್’ ಎಂಬ ಕಾಯಿದೆ ಬಂದಿತ್ತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ ಆಗ ಹದಿನೈದು ವರ್ಷಗಳಷ್ಟೇ ಆಗಿದ್ದವು. ಆ ಕಾಯಿದೆ ದಶಕಗಳ ಕಾಲ ಹೆಚ್ಚು ಕೆಲಸವಿಲ್ಲದೆ ಮಲಗಿದ್ದು, 2000ದಲ್ಲಿ ರದ್ದಾಯಿತು. ರದ್ದಾದ ಮರುವರ್ಷವೇ, ಅಂದರೆ 2001ರಲ್ಲಿ, ಮಿರಜ, ಮನಮಾಡ, ಬರೇಲಿಗಳಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲಿನ ಪ್ರಯೋಗವನ್ನು ಆರಂಭಿಸಲಾಯಿತು! ದಿನವೆಲ್ಲ ಕಡತಗಳ ನಡುವೆ ಕೂರುವ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಬ್ರಾಜಿಲಿನ ಕಥೆಗೆ ಬರೋಣ. ಮೊದಮೊದಲು ಬೆರಕೆ ಮಾತ್ರ. 1979ರಲ್ಲಿ ಇರಾನಿನ ಕ್ರಾಂತಿಯ ಕಾರಣದಿಂದ ಎಣ್ಣೆಯ ಬೆಲೆ ಎರಡನೆಯ ಸಲ ಜಿಗಿದಾಗ ಸರಕಾರ ಪೂರ್ತಿ ಪಣ ಕಟ್ಟಿತು. ಆ ವರ್ಷವೇ ಶುದ್ಧ ಮದ್ಯಸಾರದಿಂದ ಓಡುವ ಫಿಯಟ್ 147 ಕಾರು ಮಾರುಕಟ್ಟೆಗೆ ಬಂದಿತು. ಅದರ ಹೊಗೆಗೆ ಅಲ್ಲಿನ ಕಬ್ಬಿನ ಸಾರಾಯಿ ‘ಕಶಾಸ’ದ ವಾಸನೆ ಇದ್ದುದರಿಂದ ಜನ ಅದನ್ನು ‘ಕಶಾಸಿನ್ಯ’ ಎಂದು ಮುದ್ದಾಗಿ ಕರೆದರಂತೆ. ಚಳಿಯ ಬೆಳಗಿನಲ್ಲಿ ಮದ್ಯಸಾರ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದುದರಿಂದ ಇಂಥ ಕಾರುಗಳಲ್ಲಿ ಎಂಜಿನನ್ನು ಎಬ್ಬಿಸುವ ಮಟ್ಟಿಗೆ ಪೆಟ್ರೋಲಿನದೊಂದು ಪುಟ್ಟ ಡಬ್ಬಿಯನ್ನೂ ಇಡಬೇಕಾಗುತ್ತಿತ್ತು. ಕುಡುಕನನ್ನು ಎಬ್ಬಿಸಲು ಕಾಫಿ ಕೊಟ್ಟಂತೆ!

ಜನ ಈ ಕಾರನ್ನು ಕೊಂಡದ್ದು ದೇಶಭಕ್ತಿಯಿಂದಲ್ಲ, ಲೆಕ್ಕ ಹಾಕಿ. ಒಂದು ಲೀಟರ್ ಮದ್ಯಸಾರದಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಪೆಟ್ರೋಲಿನಲ್ಲಿ 15 ಕಿಲೋಮೀಟರ್ ಓಡುವ ಕಾರು ಮದ್ಯಸಾರದಲ್ಲಿ 10 ಅಥವಾ ಹತ್ತೂವರೆ ಓಡೀತು. ಆದುದರಿಂದ ಮದ್ಯಸಾರದ ಬೆಲೆ ಪೆಟ್ರೋಲಿನ ಬೆಲೆಯ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದನ್ನು ಹಾಕಿಸಿಕೊಂಡವನಿಗೆ ಲಾಭ. ಸರಕಾರ ಇದನ್ನು ಬಲ್ಲುದು. ಮದ್ಯಸಾರದ ಬೆಲೆ ಪೆಟ್ರೋಲಿನ ನೂರಕ್ಕೆ 65ನ್ನು ಮೀರದಂತೆ ಕಟ್ಟುಮಾಡಿತು. ಕಾರಿನ ಮೇಲಿನ ತೆರಿಗೆಯನ್ನು ಇಳಿಸಿತು. ಭಟ್ಟಿಗಳನ್ನು ಕಟ್ಟುವವರಿಗೆ ಹಣದುಬ್ಬರಕ್ಕಿಂತ ಕಡಿಮೆ ಬಡ್ಡಿಯಲ್ಲಿ, ಅಂದರೆ ಹೆಚ್ಚುಕಡಿಮೆ ದಾನವೆಂಬಂತೆ, ಸಾಲ ಕೊಟ್ಟಿತು. 1980ರ ದಶಕದ ನಡುವಿನ ಹೊತ್ತಿಗೆ ಬ್ರಾಜಿಲಿನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಮದ್ಯಸಾರದವೇ ಆದವು. ಹತ್ತು ವರ್ಷಗಳಲ್ಲಿ ಇಷ್ಟು ದೊಡ್ಡ ಪಲ್ಲಟವನ್ನು ಬೇರಾವ ದೇಶವೂ ಆವರೆಗೆ ಸಾಧಿಸಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಶಾಲೆಯ ಪಠ್ಯದಲ್ಲಿ ಸೇರಿಸಬಹುದಾದ ಪಾಠವಾಗುತ್ತಿತ್ತು. ಆದರೆ 1986ರಲ್ಲಿ, ಬ್ಯಾರೆಲಿಗೆ 25 ಡಾಲರಿಗೂ ಮೇಲಿದ್ದ ಕಚ್ಚಾ ತೈಲ ಕೆಲವೇ ತಿಂಗಳುಗಳಲ್ಲಿ 10-12 ಡಾಲರಿಗೆ ಕುಸಿಯಿತು. ತುಟ್ಟಿಯ ಕಾಲಕ್ಕೆಂದು ಕಟ್ಟಿದ ಮನೆ ಅಗ್ಗದ ಕಾಲಕ್ಕೆ ಭಾರವಾಯಿತು. 65ರ ಕಟ್ಟನ್ನು ಕಾಪಾಡಲು ಬೊಕ್ಕಸದಿಂದ ಕೊಡಬೇಕಾದ ಹಣ ಏರಿತು. ಬೊಕ್ಕಸವೋ ಆಗಲೇ ವಿದೇಶಿ ಸಾಲದಲ್ಲಿ ಮುಳುಗಿತ್ತು. ಭಟ್ಟಿಗಳಿಗೆ ಕೊಡುವ ಬೆಲೆಯನ್ನು ಸರಕಾರ ಬಿಗಿ ಹಿಡಿಯಿತು. ಇದೇ ಸಮಯಕ್ಕೆ ಸರಿಯಾಗಿ ಹೊರದೇಶದಲ್ಲಿ ಸಕ್ಕರೆಯ ಬೆಲೆ ಮೇಲೇರತೊಡಗಿತು. ಕಬ್ಬು ಒಂದೇ, ಕೊಳ್ಳುವವರು ಇಬ್ಬರು. ಹೆಚ್ಚು ಕೊಡುವವನ ಕಡೆಗೆ ಗಾಣ ತಿರುಗಿತು. 1989ರಲ್ಲಿ ಪಂಪುಗಳಲ್ಲಿ ಮದ್ಯಸಾರ ಸಿಗದಾಯಿತು. ಜನ ಸಾಲುಗಟ್ಟಿ ನಿಂತರು. ಕಬ್ಬಿನ ದೇಶವಾದ ಬ್ರಾಜಿಲ್ ಹೊರಗಿನಿಂದ ಎಥನಾಲನ್ನೂ ಮೆಥನಾಲನ್ನೂ ತರಿಸಿಕೊಂಡು ಬೆರೆಸಿ ಹಂಚಬೇಕಾಯಿತು. ಎಣ್ಣೆಯ ಆಮದನ್ನು ತಪ್ಪಿಸಲು ಹೊರಟವರು ಸಾರಾಯಿಯ ಆಮದಿಗೆ ಬಂದು ನಿಂತರು!

ಪೆಟ್ರೋಲ್ ಕಾರಿನವನು ಆಗಲೂ ಪೆಟ್ರೋಲ್ ಹಾಕಿಸಿಕೊಂಡು ಹೋದ. ಸರಕಾರದ ಮಾತನ್ನು ನಂಬಿ, ಕಂತು ಕಟ್ಟಿ, ಮದ್ಯಸಾರದ ಕಾರು ಕೊಂಡಿದ್ದವನು ಮಾತ್ರ ಸಾಲಿನಲ್ಲಿ ನಿಂತ. ಆ ಕಾರಿಗೆ ಬೇರೆ ಇಂಧನ ಹಾಕಲು ಬಾರದು. ಒಂದೇ ಇಂಧನಕ್ಕೆ ತಾಳಿ ಕಟ್ಟಿಸಿಕೊಂಡ ಯಂತ್ರ ಅದು. ಮಾರೋಣವೆಂದರೆ ಕೊಳ್ಳುವವರಿಲ್ಲ. ಇಂಧನವನ್ನು ಬದಲಾಯಿಸುವ ವಿಷಯ ಬಂದಾಗ ಪತ್ರಿಕೆಗಳಲ್ಲಿ ನಡೆಯುವ ಚರ್ಚೆಯೆಲ್ಲ ಯಾವುದು ಲೀಟರಿಗೆ ಎಷ್ಟು ಎಂಬುದರ ಸುತ್ತಲೇ ತಿರುಗುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ನಾಳೆ ಬೆಲೆ ತಲೆಕೆಳಗಾದರೆ ಆ ಹೊರೆ ಯಾರ ಹೆಗಲಿಗೆ? ಇಂಧನ ಇವತ್ತು ಕೊಂಡು ಇವತ್ತು ಸುಡುವ ವಸ್ತು. ಯಂತ್ರ ಹಾಗಲ್ಲ, ಅದನ್ನು ಕೊಂಡವನು ಹತ್ತು ಹದಿನೈದು ವರ್ಷ ಅದರೊಡನೆ ಬಾಳಬೇಕು. ಬ್ರಾಜಿಲಿನಲ್ಲಿ ಆ ಹೊರೆ ಯಂತ್ರ ಕೊಂಡವನ ಮೇಲೆ ಬಿದ್ದಿತು. ಜನ ಅದನ್ನು ಮರೆಯಲಿಲ್ಲ. 1990ರ ದಶಕದ ಕೊನೆಗೆ ಮದ್ಯಸಾರದ ಹೊಸ ಕಾರುಗಳ ಮಾರಾಟ ನೂರಕ್ಕೆ ಒಂದಕ್ಕೂ ಕಡಿಮೆಯಾಯಿತು. ಭಟ್ಟಿಗಳಿದ್ದವು, ಕಬ್ಬಿತ್ತು, ಪಂಪುಗಳಿದ್ದವು, ನಂಬಿಕೆ ಹೋಗಿತ್ತು.

ಆ ನಂಬಿಕೆಯನ್ನು ಹಿಂದಕ್ಕೆ ತಂದದ್ದು ಭಾಷಣವಲ್ಲ, ಒಂದು ಸಣ್ಣ ಉಪಾಯ. 2003ರ ಮಾರ್ಚಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಅಲ್ಲಿ ‘ಗೋಲ್ ಟೋಟಲ್ ಫ್ಲೆಕ್ಸ್’ ಎಂಬ ಕಾರನ್ನು ಮಾರಾಟಕ್ಕೆ ತಂದಿತು. ಪೆಟ್ರೋಲ್ ಹಾಕಿ, ಮದ್ಯಸಾರ ಹಾಕಿ, ಎರಡನ್ನೂ ಯಾವ ಪ್ರಮಾಣದಲ್ಲಾದರೂ ಬೆರೆಸಿ ಹಾಕಿ, ಎಂಜಿನ್ ತಾನೇ ಗುರುತು ಹಿಡಿದು ಹೊಂದಿಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳಲ್ಲಿ ಬಹುಪಾಲು ಈ ಬಗೆಯವೇ ಆದವು. ಬ್ರಾಜಿಲಿನ ಗೃಹಸ್ಥ ಈಗ ಪಂಪಿಗೆ ಹೋದಾಗ ಎರಡು ಬೆಲೆಗಳನ್ನು ನೋಡುತ್ತಾನೆ. ಪೆಟ್ರೋಲು 100 ಇದ್ದು ಮದ್ಯಸಾರ 65 ಇದ್ದರೆ ಮದ್ಯಸಾರ. 75 ಇದ್ದರೆ ಪೆಟ್ರೋಲು. ಸಕ್ಕರೆ ತುಟ್ಟಿಯಾಗಿ ಕಬ್ಬು ಆ ಕಡೆ ಹೋದ ವರ್ಷ ಅವನು ಈ ಕಡೆ ಸರಿಯುತ್ತಾನೆ. ಎಣ್ಣೆ ತುಟ್ಟಿಯಾದ ವರ್ಷ ಆ ಕಡೆ. ಹೊರೆ ಅವನ ಹೆಗಲಿನಿಂದ ಇಳಿದು, ಅವನನ್ನು ಒಲಿಸಿಕೊಳ್ಳಬೇಕಾದ ಭಟ್ಟಿಯವನ ಮೇಲೂ ಎಣ್ಣೆಯವನ ಮೇಲೂ ಹೋಯಿತು. ಕಾಯಿದೆ ಮಾಡಲಾರದ ಕೆಲಸವನ್ನು ಎಂಜಿನಿನೊಳಗಿನ ಒಂದು ಸಣ್ಣ ಯಂತ್ರಾಂಗ ಮಾಡಿತು.

ಈ ನಡುವೆ ಭಟ್ಟಿಯವರೂ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ಹೇಳಬೇಕು. 1970ರ ದಶಕದಲ್ಲಿ ಒಂದು ಹೆಕ್ಟೇರ್ ಕಬ್ಬಿನಿಂದ ಸುಮಾರು 3,000 ಲೀಟರ್ ಎಥನಾಲ್ ಬರುತ್ತಿದ್ದದ್ದು, ಮೂವತ್ತು ವರ್ಷಗಳಲ್ಲಿ 6,000 ಲೀಟರಿನ ಹತ್ತಿರಕ್ಕೆ ಬಂದಿತು. ಒಳ್ಳೆಯ ತಳಿ, ಒಳ್ಳೆಯ ಹುದುಗು, ಕಬ್ಬಿನ ಸಿಪ್ಪೆಯನ್ನೇ ಉರಿಸಿ ಭಟ್ಟಿಯನ್ನೂ ವಿದ್ಯುತ್ತನ್ನೂ ನಡೆಸುವ ಜಾಣತನ. ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯಿತು. ಜೋಸೆ ಗೋಲ್ಡೆಂಬರ್ಗ್ ಎಂಬ ಅಲ್ಲಿನ ಭೌತವಿಜ್ಞಾನಿ ಈ ಇಳಿಕೆಯನ್ನು ನಕ್ಷೆ ಬರೆದು ತೋರಿಸಿದ್ದಾರೆ. ಹೊಸ ಇಂಧನ ಮೊದಲು ತುಟ್ಟಿಯಾಗಿಯೇ ಇರುತ್ತದೆ, ಮಾಡುತ್ತ ಮಾಡುತ್ತ ಅಗ್ಗವಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಮೊದಲಿನ ತುಟ್ಟಿಯ ವರ್ಷಗಳ ಖರ್ಚನ್ನು ಯಾರೋ ಕೊಟ್ಟಿರುತ್ತಾರೆ. ಬೊಕ್ಕಸ ಕೊಟ್ಟಿತು, ಕಾರು ಕೊಂಡವರು ಕೊಟ್ಟರು. ಸುಟ್ಟ ಗದ್ದೆಯ ಮಸಿಯಲ್ಲಿ ನಿಂತು, ಕಡಿದ ಟನ್ನಿನ ಲೆಕ್ಕಕ್ಕೆ ಕೂಲಿ ಪಡೆದ ಆಳುಗಳು ಎಲ್ಲರಿಗಿಂತ ಹೆಚ್ಚು ಕೊಟ್ಟರು.

ಇಷ್ಟಾದರೂ ಸಂಕಟ ಮುಗಿಯಲಿಲ್ಲ. 2011ರಿಂದ 2014ರವರೆಗೆ ಬೆಲೆಯೇರಿಕೆಯನ್ನು ತಡೆಯುವ ಸಲುವಾಗಿ ಅಲ್ಲಿನ ಸರಕಾರ ತನ್ನ ಪೆಟ್ರೋಬ್ರಾಸ್ ಕಂಪನಿಯ ಪೆಟ್ರೋಲ್ ಬೆಲೆಯನ್ನು ಅದುಮಿ ಹಿಡಿಯಿತು. ಪೆಟ್ರೋಲು ಏರದಿದ್ದರೆ ಮದ್ಯಸಾರ 70ರ ಗೆರೆಯೊಳಗೆ ಇರುವುದು ಹೇಗೆ? ಅನೇಕ ಭಟ್ಟಿಗಳು ಬಾಗಿಲು ಹಾಕಿದವು. ಎಡಗೈಯಿಂದ ಸಾಕಿದ ಗಿಡದ ಬೇರನ್ನು ಬಲಗೈ ಕಿತ್ತಿತು. ಆದರೆ ಈ ಸಲ ಕಾರಿನವನು ಸಾಲಿನಲ್ಲಿ ನಿಲ್ಲಲಿಲ್ಲ. 1989ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೊಂದೇ. ನನಗೆ ಅದು ಸಾಮಾನ್ಯ ವ್ಯತ್ಯಾಸವೆಂದು ತೋರುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಾವು ಸುಡುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. 1973ರ ಬ್ರಾಜಿಲಿಗಿಂತ ನಮ್ಮ ಅವಲಂಬನೆ ಹೆಚ್ಚೇ ಹೊರತು ಕಡಿಮೆಯಲ್ಲ. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರ ಬೆರಕೆ ಆರಂಭವಾಯಿತು. ಹತ್ತು ವರ್ಷ ಕಳೆದರೂ ನಿಜವಾಗಿ ಬೆರೆತದ್ದು ಒಂದೂವರೆ ಪಾಲು ಮಾತ್ರ. ಆಮೇಲೆ ವೇಗ ಬಂತು. 2022ರ ಜೂನಿನಲ್ಲಿ ಸರಾಸರಿ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ, ನಮ್ಮ ನಾಡಿನ ರಾಜಧಾನಿಯಲ್ಲೇ, ನೂರಕ್ಕೆ 20 ಬೆರಕೆಯ ‘ಇ-20’ ಪೆಟ್ರೋಲಿನ ಉದ್ಘಾಟನೆಯಾಯಿತು. 2030ಕ್ಕೆಂದು ಮೊದಲು ಇಟ್ಟುಕೊಂಡಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದ್ದಾಯಿತು. ಸರಕಾರಿ ನೌಕರನಾದ ನಾನೇ ಹೇಳುತ್ತಿದ್ದೇನೆ: ಗುರಿಯನ್ನು ಐದು ವರ್ಷ ಮುಂಚಿತವಾಗಿ ಮುಟ್ಟುವ ಯೋಜನೆಗಳು ನಮ್ಮಲ್ಲಿ ಹೆಚ್ಚಿಲ್ಲ. ಅದನ್ನು ಮೆಚ್ಚದಿರುವುದು ಕೃಪಣತನವಾದೀತು.

ಆದರೆ ಹಿರಿಯರು ಕೇಳಿದ ಪ್ರಶ್ನೆ ಉಳಿದೇ ಇದೆ. ಅಗ್ಗವೇಕಾಗಲಿಲ್ಲ?

ಎಣ್ಣೆ ಕಂಪನಿಗಳು ಎಥನಾಲಿಗೆ ಕೊಡುವ ಬೆಲೆಯನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 2024-25ರ ಸಾಲಿನಲ್ಲಿ ಕಬ್ಬಿನ ಹಾಲಿನಿಂದ ಮಾಡಿದ್ದಕ್ಕೆ ಲೀಟರಿಗೆ 65 ರೂಪಾಯಿ 61 ಪೈಸೆ. ಮೆಕ್ಕೆಜೋಳದಿಂದ ಮಾಡಿದ್ದಕ್ಕೆ 71 ರೂಪಾಯಿ 86 ಪೈಸೆ. ಸಾಗಾಣಿಕೆ, ತೆರಿಗೆಗಳನ್ನು ಸೇರಿಸಿ 2025ರ ಜುಲೈ ಕೊನೆಗೆ ಸರಾಸರಿ 71 ರೂಪಾಯಿ 32 ಪೈಸೆ ಬೀಳುತ್ತಿತ್ತೆಂದು ಪೆಟ್ರೋಲಿಯಂ ಮಂತ್ರಾಲಯವೇ ತಿಳಿಸಿತು. ತೆರಿಗೆ ಹಾಕುವ ಮುನ್ನ ಇರುವ ಪೆಟ್ರೋಲಿನ ಖರ್ಚಿಗಿಂತ ಇದು ಹೆಚ್ಚೆಂದೂ ಒಪ್ಪಿಕೊಂಡಿತು. ಈಗ ಮೊದಲು ಹೇಳಿದ ಮೂರರಲ್ಲಿ ಎರಡರ ಲೆಕ್ಕವನ್ನು ತನ್ನಿ. ಒಂದು ಲೀಟರ್ ಪೆಟ್ರೋಲಿನ ಶಕ್ತಿ ಬೇಕಾದರೆ ಒಂದೂವರೆ ಲೀಟರ್ ಎಥನಾಲ್ ಬೇಕು. ಎಂದರೆ ನಿಜವಾದ ಖರ್ಚು 71 ಅಲ್ಲ, 107 ರೂಪಾಯಿ. ಇಂಥದನ್ನು ಬೆರೆಸಿ ಪೆಟ್ರೋಲನ್ನು ಅಗ್ಗ ಮಾಡಲು ಯಾವ ಮಾಂತ್ರಿಕನಿಂದಲೂ ಆಗದು. 2021ರಲ್ಲಿ ನೀತಿ ಆಯೋಗದ ವರದಿ ಬಂದಾಗ ಎಥನಾಲೇ ಅಗ್ಗವಾಗಿತ್ತು. ನಾಲ್ಕು ವರ್ಷಗಳಲ್ಲಿ ತಕ್ಕಡಿ ಈ ಕಡೆ ವಾಲಿತು. ನಾಳೆ ಕಚ್ಚಾ ತೈಲ ಏರಿದರೆ ಮತ್ತೆ ಆ ಕಡೆ ವಾಲೀತು.

ಮನೆಯ ಲೆಕ್ಕ ಹೀಗಿದೆ. ಇ-20ರ ಒಂದು ಲೀಟರಿನಲ್ಲಿರುವ ಶಕ್ತಿ ಶುದ್ಧ ಪೆಟ್ರೋಲಿನ ನೂರಕ್ಕೆ 93ರಷ್ಟು. ಓಟದಲ್ಲಿ ಅಷ್ಟೂ ಕಡಿಮೆಯಾಗುವುದಿಲ್ಲ, ಎಂಜಿನಿನ ಹೊಂದಾಣಿಕೆ ಸ್ವಲ್ಪ ಉಳಿಸುತ್ತದೆ. ಇ-20ಕ್ಕೆ ಹೊಂದಿಸಿದ ಗಾಡಿಗಳಲ್ಲಿ ನೂರಕ್ಕೆ 1-2, ಉಳಿದವುಗಳಲ್ಲಿ 3ರಿಂದ 6 ಕಡಿಮೆಯಾದೀತೆಂದು ಸರಕಾರದ ಅಂದಾಜು. ಲೀಟರಿಗೆ 45 ಕಿಲೋಮೀಟರ್ ಕೊಡುತ್ತಿದ್ದ ಹಳೆಯ ಸ್ಕೂಟರಿನಲ್ಲಿ ತಿಂಗಳಿಗೆ 900 ಕಿಲೋಮೀಟರ್ ಓಡಾಡುವ ಪುಣೆಯ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ 20 ಲೀಟರ್ ಬೇಕಾಗಿತ್ತು. ನೂರಕ್ಕೆ 4 ಕಡಿಮೆಯಾದರೆ ಇನ್ನು ಮುಕ್ಕಾಲು ಲೀಟರಿಗೆ ಚೂರು ಮೇಲೆ ಬೇಕು. ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 80 ರೂಪಾಯಿ, ವರ್ಷಕ್ಕೆ ಸಾವಿರದ ಹತ್ತಿರ. ಮಗಳ ಶಾಲೆಯ ಜೊತೆ ಷೂಸಿನ ಬೆಲೆ. ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಹಳೆಯ ಗಾಡಿಯ ರಬ್ಬರ್ ಕೊಳವೆಗಳು ಬೇಗ ಸವೆದಾವೆಂಬ ಭಯ ಬೇರೆ ಇದೆ. 2023ರ ಏಪ್ರಿಲಿನಿಂದೀಚೆಗೆ ತಯಾರಾದ ಗಾಡಿಗಳ ಭಾಗಗಳು ಈ ಬೆರಕೆಯನ್ನು ತಡೆಯುವಂತೆ ಮಾಡಿದವು. ಅದಕ್ಕಿಂತ ಹಳೆಯದನ್ನು ಇಟ್ಟುಕೊಂಡವರು ಕೈಪಿಡಿ ನೋಡಿ, ಸರ್ವೀಸಿನವನಿಗೆ ಕೊಳವೆ, ಗ್ಯಾಸ್ಕೆಟ್ಟುಗಳನ್ನು ಪರೀಕ್ಷಿಸಲು ಹೇಳುವುದು ಲೇಸು.

ಇತ್ತ ದೇಶದ ಜಮೆಯ ಪುಟವನ್ನೂ ತೆರೆಯಬೇಕು. 2014-15ರಿಂದ 2025ರ ಜುಲೈವರೆಗೆ ಎಣ್ಣೆಯ ಆಮದಿನಲ್ಲಿ 1 ಲಕ್ಷ 40 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ವಿದೇಶಿ ವಿನಿಮಯ ಉಳಿಯಿತೆಂದು ಸರಕಾರದ ಲೆಕ್ಕ. ಆ ಹಣ ಪರದೇಶಕ್ಕೆ ಹೋಗುವ ಬದಲು ಬಾಗಲಕೋಟೆ, ಬೆಳಗಾವಿ, ಮಂಡ್ಯ, ಕೊಲ್ಲಾಪುರಗಳ ಕಡೆ ಹರಿಯಿತು. ಕಬ್ಬಿನ ಬಾಕಿಗಾಗಿ ಕಾರ್ಖಾನೆಯ ಗೇಟಿನ ಮುಂದೆ ವರ್ಷಗಟ್ಟಲೆ ಕಾದ ರೈತರ ಮನೆಗಳಿಂದ ಬಂದವರು ನಮ್ಮ ಸಂಘದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇದರ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ. ಪುಣೆಯ ಗುಮಾಸ್ತನ ಸಾವಿರ ರೂಪಾಯಿ ಅಥಣಿಯ ರೈತನಿಗೆ ತಲಪುವುದಾದರೆ ಕೊಡಲು ಬಹುಮಂದಿ ಸಿದ್ಧರಿರುವರು. ನನ್ನ ಆಕ್ಷೇಪಣೆ ಕೊಡುವುದರ ಬಗ್ಗೆ ಅಲ್ಲ, ಲೆಕ್ಕ ತೋರಿಸದಿರುವುದರ ಬಗ್ಗೆ. ಒಂದೇ ಪಂಪು, ಒಂದೇ ಬೆಲೆ. ಬೆರಕೆ ಎಷ್ಟೆಂಬುದು ರಸೀತಿಯಲ್ಲಿಲ್ಲ.

ಅಥಣಿಯ ರೈತನಿಗೆ ಎಷ್ಟು ತಲಪಿತು ಎಂಬುದೂ ಕೇಳಬೇಕಾದ ಮಾತೇ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಅಷ್ಟು ಹೊತ್ತಿಗೆ ಎಥನಾಲಿನಲ್ಲಿ ಕಬ್ಬಿಗಿಂತ ಧಾನ್ಯದ ಪಾಲೇ ಮುಂದಾಗಿತ್ತು, ಅದರಲ್ಲೂ ಮೆಕ್ಕೆಜೋಳದ್ದು. ಮೆಕ್ಕೆಜೋಳವೆಂದರೆ ಕೋಳಿಯ ಆಹಾರ. ದಶಕಗಳ ಕಾಲ ಅದನ್ನು ಹೊರಕ್ಕೆ ಕಳಿಸುತ್ತಿದ್ದ ಭಾರತ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಒಳಕ್ಕೆ ತರಿಸಿಕೊಂಡಿತು. ಎಣ್ಣೆಯ ಹಡಗಿನ ಬದಲು ಜೋಳದ ಹಡಗು! 1989ರ ಬ್ರಾಜಿಲ್ ನಮಗೆ ನೆನಪಾಗಬೇಕಾದದ್ದು ಇಲ್ಲಿ.

ಇನ್ನೂ ಸ್ಪಷ್ಟವಾಗಿ ನೆನಪಾಗಬೇಕಾದ ದಿನ 2023ರ ಡಿಸೆಂಬರ್ 7. ಆ ವರ್ಷ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದೀತೆಂಬ ಭಯ ಹುಟ್ಟಿತು. ಸಕ್ಕರೆ ತುಟ್ಟಿಯಾಗಬಾರದೆಂದು, ಕಬ್ಬಿನ ಹಾಲಿನಿಂದ ಎಥನಾಲ್ ಮಾಡಕೂಡದೆಂದು ಸರಕಾರ ಆಜ್ಞೆ ಹೊರಡಿಸಿತು. ವಾರದೊಳಗೆ ಅದನ್ನು ಸ್ವಲ್ಪ ಸಡಿಲಿಸಿ 17 ಲಕ್ಷ ಟನ್ ಸಕ್ಕರೆಯಷ್ಟಕ್ಕೆ ಮಿತಿ ಹಾಕಿತು. ನಿರ್ಬಂಧ ಪೂರ್ತಿ ತೆಗೆದದ್ದು 2024ರ ಆಗಸ್ಟಿನಲ್ಲಿ. ಸಾಲ ತೆಗೆದು ಭಟ್ಟಿ ಕಟ್ಟಿದವರು ತಲೆಯ ಮೇಲೆ ಕೈ ಹೊತ್ತು ಕೂತರು. ಆ ವರ್ಷ ಜೋಳ ಕೈ ಹಿಡಿಯಿತು. ಗದ್ದೆಯಲ್ಲಿ ಬೆಳೆಯುವ ಪೆಟ್ರೋಲಿಗೆ ಮಳೆಯೂ ಬೇಕು, ಹಬ್ಬದ ಸಕ್ಕರೆಯೂ ಅದಕ್ಕೆ ಪಾಲುದಾರ. ಅರೇಬಿಯಾದ ಎಣ್ಣೆಗೆ ಯುದ್ಧದ ಭಯ, ಕಬ್ಬಿನ ಎಣ್ಣೆಗೆ ಮುಂಗಾರಿನ ಭಯ. ಎರಡೂ ಒಂದೇ ವರ್ಷ ಬಾರದಿದ್ದರೆ ಸರಿ. ಬೆರಕೆಯ ನಿಜವಾದ ಗುಣ ಅದೇ. ಆದರೆ ಅದರ ಪ್ರಯೋಜನ ಸಿಗಬೇಕಾದರೆ ಮಳೆ ಹೋದ ವರ್ಷ ಬೆರಕೆ ಇಳಿಸಲು, ಎಣ್ಣೆ ಏರಿದ ವರ್ಷ ಬೆರಕೆ ಏರಿಸಲು ಅವಕಾಶವಿರಬೇಕು. ನೂರಕ್ಕೆ ಇಪ್ಪತ್ತೆಂದು ಮೊಳೆ ಹೊಡೆದು ಕೂರಿಸಿದರೆ ಅದು ಸಿಗದು.

ಬ್ರಾಜಿಲಿನ ಎರಡು ಬೆಲೆಯ ಪಂಪು ನಮ್ಮಲ್ಲಿ ಸಾಧ್ಯವೇ? ಬೀಜ ಬಿದ್ದಿದೆ. ಟಿ.ವಿ.ಎಸ್. ಸಂಸ್ಥೆ 2019ರ ಜುಲೈನಲ್ಲೇ ಬರಿಯ ಎಥನಾಲಿನಿಂದ ಓಡುವ ಮೋಟಾರ್ ಸೈಕಲನ್ನು ತೋರಿಸಿತ್ತು. ಅದಕ್ಕೆ ಹಾಕುವ ಇಂಧನ ಪಂಪಿಗೆ ಬಂದದ್ದು 2024ರ ಮಾರ್ಚಿಯಲ್ಲಿ, ಅದೂ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ಉತ್ತರ ಪ್ರದೇಶ ಮತ್ತು ದೆಹಲಿ ಸೇರಿ 183 ಪಂಪುಗಳಲ್ಲಿ. ಕುದುರೆ ಮೊದಲು ಬಂದು ಐದು ವರ್ಷಕ್ಕೆ ಹುಲ್ಲು ಬಂದಿತು. ಗಾಡಿ ಇಲ್ಲದೆ ಪಂಪು ಹಾಕುವವರಿಲ್ಲ, ಪಂಪಿಲ್ಲದೆ ಗಾಡಿ ಕೊಳ್ಳುವವರಿಲ್ಲ. ಈ ಗಂಟನ್ನು ಬಿಡಿಸಬೇಕಾದವರು ಸಂಸಾರಿಗಳಲ್ಲ. ಎರಡಕ್ಕೂ ಹೊಂದುವ ಗಾಡಿಯ ಮೇಲೆ ತೆರಿಗೆ ಇಳಿಸಿ, ಎರಡು ಕೊಳವೆಗೆ ಎರಡು ಬೆಲೆ ಬರೆದು ನಿಲ್ಲಿಸಿದರೆ, ಆಯ್ಕೆಯನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ಅದಾಗುವವರೆಗೆ ಹಳೆಯ ಗಾಡಿಯವರಿಗಾಗಿ ನೂರಕ್ಕೆ 10ರ ಬೆರಕೆಯದೊಂದು ಕೊಳವೆಯನ್ನಾದರೂ ಉಳಿಸಬಹುದು.

ವಿದ್ಯುತ್ ಸ್ಕೂಟರಿನ ಮಾತೆತ್ತದೆ ಮುಗಿಸಿದರೆ ತರುಣ ವಾಚಕರು ಸುಮ್ಮನಿರಲಾರರು. ಒಂದು ವಿಷಯದಲ್ಲಿ ಅದು ಬ್ರಾಜಿಲಿನ ಎರಡು ಇಂಧನದ ಕಾರಿಗೂ ಒಂದು ಕೈ ಮೇಲು. ಗೋಡೆಯ ತಂತಿಯಲ್ಲಿ ಬರುವುದು ಶರಾವತಿಯ ನೀರೋ, ಪಾವಗಡದ ಬಿಸಿಲೋ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲೋ ಎಂದು ಸ್ಕೂಟರ್ ಕೇಳುವುದಿಲ್ಲ. ಇಂದು ದೇಶದ ವಿದ್ಯುತ್ತಿನಲ್ಲಿ ಬಹುಪಾಲು ಕಲ್ಲಿದ್ದಲಿನದು. ನಾಳೆ ಅದು ಬದಲಾದರೆ ಗಾಡಿಯನ್ನು ಬದಲಾಯಿಸಬೇಕಾಗಿಲ್ಲ. ಆದರೆ ಅದರ ಖರ್ಚಿನ ಹೆಚ್ಚುಪಾಲು ಕೊಳ್ಳುವ ದಿನವೇ ಕೈಯಿಂದ ಹೋಗುತ್ತದೆ. ಬ್ಯಾಟರಿಯೆಂದರೆ ಹಲವು ವರ್ಷದ ಪೆಟ್ರೋಲನ್ನು ಮುಂಗಡವಾಗಿ ಕೊಂಡಂತೆ, ಸಾಲ ತೆಗೆದರೆ ಅದಕ್ಕೆ ಬಡ್ಡಿಯೂ ಸೇರುತ್ತದೆ. ಮೇಲಾಗಿ ಮುಂಬಯಿಯ ಮೂರನೆಯ ಮಹಡಿಯ ಬಾಡಿಗೆದಾರ ತಂತಿಯನ್ನು ಎಲ್ಲಿಂದ ಇಳಿಬಿಡಬೇಕು? ಸೊಸೈಟಿಯ ಕಾರ್ಯದರ್ಶಿಗಳು ಒಪ್ಪಬೇಕು, ಮೀಟರು ಯಾರ ಹೆಸರಿನಲ್ಲೆಂದು ತೀರ್ಮಾನವಾಗಬೇಕು, ಮನೆಯ ಮಾಲಿಕ ಸಹಿ ಹಾಕಬೇಕು. ಬಾಡಿಗೆ ಮನೆಯಲ್ಲಿದ್ದುಕೊಂಡೇ ಇದನ್ನು ಸಾಧಿಸಿದ ಸದಸ್ಯರಿದ್ದರೆ ಸ್ಕೂಟರಿನ ಬೆಲೆ, ಕಂತು, ತಿಂಗಳ ಯೂನಿಟ್ಟುಗಳ ವಿವರವನ್ನು ಸಂಪಾದಕರ ವಿಳಾಸಕ್ಕೆ ಬರೆದು ಕಳಿಸಬೇಕೆಂದು ವಿನಂತಿ. ಮುಂದಿನ ಸಂಚಿಕೆಯ ಜಮಾ-ಖರ್ಚು ಅದರ ಮೇಲೆಯೇ.